ಕಾಶ್ಮೀರಿ ಗೇಟಿನಲ್ಲಿ ಪ್ಯಾಕಿಂಗ್ ಕೊಳ್ಳುವ ಮೊದಲು

'ಡೆಲ್ಲಿ ಗಾಡಿ' ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಆಮೇಲೆ 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ದೆಹಲಿ ಎನ್‌ಸಿಆರ್‌ನಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ, ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದು ಎಂದವು. 2025ರ ಜುಲೈ 1ರಿಂದ ಇಂಥ ಗಾಡಿಗಳಿಗೆ ದೆಹಲಿಯ ಬಂಕ್‌ಗಳಲ್ಲಿ ಎಣ್ಣೆಯನ್ನೇ ಹಾಕಬಾರದು ಎಂಬ ನಿಯಮವೂ ಬಂದು, ಕೆಲವೇ ದಿನಗಳಲ್ಲಿ ನಿಂತೂ ಹೋಯಿತು. ಇದೆಲ್ಲದರ ಪರಿಣಾಮ ಏನೆಂದರೆ, ಅಲ್ಲಿನ ಡೀಸೆಲ್ ಗಾಡಿಗಳು ವಯಸ್ಸಾಗುವ ಮೊದಲೇ ಎನ್‌ಒಸಿ ಹಿಡಿದುಕೊಂಡು ಊರು ಬಿಡುತ್ತವೆ. ನಮ್ಮ ಕರಾವಳಿಗೂ ಬಂದಿವೆ, ಬೆಂಗಳೂರಿಗೂ ಬಂದಿವೆ. ಸಮುದ್ರದ ಗಾಳಿ ಸೋಕದ್ದರಿಂದ ಬಾಡಿಗೆ ತುಕ್ಕು ಕಡಿಮೆ, ರೇಟೂ ಕಡಿಮೆ. ಆಸೆ ಆಗುವುದು ಸಹಜ.

ಈ ಡೀಸೆಲ್ ಗಾಡಿಗಳು ಹೆಚ್ಚುಕಡಿಮೆ ಎಲ್ಲವೂ ಟರ್ಬೊ. ಈಗೀಗ ನೆಕ್ಸಾನ್, ವೆನ್ಯೂ, ಫ್ರಾಂಕ್ಸ್‌ನಂಥ ಸಣ್ಣ ಪೆಟ್ರೋಲ್ ಗಾಡಿಗಳಲ್ಲೂ ಟರ್ಬೊ ಬಂದಿದೆ. ಹಾಗಾಗಿ ಈಗ ನಾನು ಹೇಳಲು ಹೊರಟಿರುವುದು ರೇಸ್ ಹುಚ್ಚಿನ ಹುಡುಗರಿಗೆ ಮಾತ್ರ ಅಂದುಕೊಳ್ಳಬೇಡಿ. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಯ ಮಾತೂ ಇದೇ.

ದೆಹಲಿಯ ಡಿಸೆಂಬರ್ ಬೆಳಿಗ್ಗೆ, ಓಖ್ಲಾದ ಗಲ್ಲಿಯಲ್ಲಿ ನಿಮ್ಮ ಗಾಡಿ ಸ್ಟಾರ್ಟ್ ಮಾಡುತ್ತೀರಿ ಎಂದಿಟ್ಟುಕೊಳ್ಳಿ. ಬಾನೆಟ್ ಒಳಗಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಟಿಕ್ ಟಿಕ್ ಟಿಕ್ ಸದ್ದು. ಆ್ಯಕ್ಸಿಲರೇಟರ್ ಒತ್ತಿದರೆ ಸದ್ದೂ ಚುರುಕಾಗುತ್ತದೆ. ಐದು ಹತ್ತು ನಿಮಿಷ ಎಂಜಿನ್ ಬಿಸಿಯಾದರೆ ಮಾಯ. "ಟ್ಯಾಪೆಟ್ ಸದ್ದು ಸಾರ್, ಏನೂ ಆಗಲ್ಲ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಇರಬಹುದು. ಆದರೆ ತಣ್ಣಗಿದ್ದಾಗ ಬಂದು ಬಿಸಿಯಾದ ಮೇಲೆ ಅಡಗುವ ಸದ್ದಿಗೆ ಇನ್ನೊಂದು ಕಾರಣ ಇದೆ. ಎಂಜಿನ್ ಹೆಡ್ಡಿಗೂ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ನಡುವಿನ ಪ್ಯಾಕಿಂಗ್ ಸೋರುತ್ತಿರುತ್ತದೆ. ಲೋಹ ಹಿಗ್ಗಿದಾಗ ಆ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ. ಪ್ಯಾಕಿಂಗ್ ಅನ್ನುವುದು ಗ್ಯಾರೇಜಿನ ಮಾತು, ಗ್ಯಾಸ್ಕೆಟ್ ಅನ್ನುವುದು ಡಬ್ಬದ ಮೇಲಿನ ಮಾತು. ಎರಡೂ ಒಂದೇ.

ನನ್ನ ಗಾಡಿಗೆ ಹೀಗಾದಾಗ ನಾನು ಮಾಡಿದ್ದು ತಪ್ಪು ಕೆಲಸ. ಹತ್ತಿರದ ಒಂದು ಗ್ಯಾರೇಜಿಗೆ ಬಿಟ್ಟೆ. ಅವರು ಹಳೆ ಪ್ಯಾಕಿಂಗನ್ನೇ ಒರೆಸಿ, ಅದರ ಮೇಲೆ ಕೆಂಪು ಸಿಲಿಕಾನ್ ಪೇಸ್ಟ್ ಬಳಿದು, ತುಂಡಾಗಿದ್ದ ಒಂದು ಸ್ಟಡ್ ಜಾಗಕ್ಕೆ ಫಳಫಳ ಹೊಳೆಯುವ ಬೋಲ್ಟು ಹಾಕಿ, ಎಂಟು ನೂರು ರೂಪಾಯಿಗೆ ಕೆಲಸ ಮುಗಿಸಿಕೊಟ್ಟರು. ಸದ್ದು ನಿಂತಿತು. ಮೂರು ವಾರಕ್ಕೆ ಸದ್ದು ವಾಪಸ್, ಜೊತೆಗೆ ಟರ್ಬೊ ಕಡೆಯಿಂದ ಸಣ್ಣ ಸೀಟಿ. ಬಿಚ್ಚಿ ನೋಡಿದರೆ ಬೋಲ್ಟು ಸಡಿಲ, ಪ್ಯಾಕಿಂಗಿನ ಒಂದು ಅಂಚು ಮುರಿದು ಎತ್ತಲೋ ಹೋಗಿದೆ. 'ಎತ್ತಲೋ' ಅಂದರೆ ಎಲ್ಲಿಗೆ? ಹೊಗೆ ಹೋಗುವ ದಾರಿ ಒಂದೇ, ಟರ್ಬೊ ಒಳಕ್ಕೆ. ಅದರ ಚಕ್ರದ ಎರಡು ರೆಕ್ಕೆಗಳ ತುದಿ ಜಜ್ಜಿತ್ತು. ಬಿಲ್ಲಿನ ಮೊತ್ತ ಇಲ್ಲಿ ಬರೆಯುವುದಿಲ್ಲ, ಮನೆಯವರು ಓದುತ್ತಾರೆ.

ಆ ಗ್ಯಾರೇಜಿನವರು ಮೋಸಗಾರರಲ್ಲ. ಟರ್ಬೊ ಇಲ್ಲದ ಹಳೆ ಗಾಡಿಗಳಲ್ಲಿ ಇದೇ ಜುಗಾಡ್ ವರ್ಷಗಟ್ಟಲೆ ನಡೆದಿದೆ. ಟರ್ಬೊ ಬಂದಾಗ ಬದಲಾದದ್ದು ಏನು ಅನ್ನುವುದು ಅವರಿಗೂ ಹೊಳೆದಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಬದಲಾದದ್ದು ಮೂರು. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಹೊಗೆ ಪೈಪಿಗೆ ಹಾಯಾಗಿ ಹೊರಟು ಹೋಗುತ್ತದೆ. ಟರ್ಬೊದಲ್ಲಿ ಆ ಹೊಗೆ ಮೊದಲು ಒಂದು ಚಕ್ರವನ್ನು ತಿರುಗಿಸಬೇಕು. ಸಣ್ಣ ಕಾರುಗಳಲ್ಲಿ ಆ ಚಕ್ರ ನಿಮಿಷಕ್ಕೆ 2 ಲಕ್ಷ ಸುತ್ತಿನ ಆಸುಪಾಸಿಗೆ ಹೋಗುತ್ತದೆ. ಆದ್ದರಿಂದ ಮ್ಯಾನಿಫೋಲ್ಡಿನ ಒಳಗೆ ಯಾವಾಗಲೂ ಒತ್ತಡ ಇರುತ್ತದೆ, ಸಣ್ಣ ಸಂದು ಸಿಕ್ಕರೂ ಹೊಗೆ ನುಗ್ಗುತ್ತದೆ. ಎರಡನೆಯದು ಶಾಖ. ಜೋರಾಗಿ ಓಡುವಾಗ ಡೀಸೆಲ್‌ನಲ್ಲಿ ಟರ್ಬೊ ಬಾಯಿಗೆ ಬರುವ ಹೊಗೆ 700-800 ಡಿಗ್ರಿ ಸೆಲ್ಸಿಯಸ್, ಟರ್ಬೊ ಪೆಟ್ರೋಲ್‌ನಲ್ಲಿ 900 ದಾಟುತ್ತದೆ. ಮೂರನೆಯದು ಭಾರ. ಹೆಚ್ಚಿನ ಗಾಡಿಗಳಲ್ಲಿ ಕೆಲವು ಕಿಲೋ ತೂಗುವ ಟರ್ಬೊ ಆ ಮ್ಯಾನಿಫೋಲ್ಡಿಗೇ ನೇತುಬಿದ್ದಿರುತ್ತದೆ. ಗುಂಡಿ ಬಂದಾಗಲೆಲ್ಲ ಅದು ಸ್ಟಡ್‌ಗಳನ್ನು ಜಗ್ಗುತ್ತದೆ.

ದೆಹಲಿಯಲ್ಲಿ ಇದಕ್ಕೆ ಇನ್ನೊಂದು ಕಾಟ ಸೇರುತ್ತದೆ. ಐಟಿಒ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ತೆವಳಿ, ಗ್ರೇಟರ್ ನೋಯ್ಡಾ ದಾಟಿ ಯಮುನಾ ಎಕ್ಸ್‌ಪ್ರೆಸ್‌ವೇಗೆ ಬಿದ್ದ ಕೂಡಲೇ ಆಗ್ರಾವರೆಗೆ ಒತ್ತಿದ ಕಾಲು ಎತ್ತುವುದಿಲ್ಲ. ಮ್ಯಾನಿಫೋಲ್ಡ್ ಕೆಂಡವಾಗುತ್ತದೆ, ಟೋಲಿನಲ್ಲಿ ನಿಂತು ತಣಿಯುತ್ತದೆ, ಮತ್ತೆ ಕೆಂಡವಾಗುತ್ತದೆ. ಮೇ ತಿಂಗಳಲ್ಲಿ 45 ಡಿಗ್ರಿ, ಜನವರಿಯಲ್ಲಿ 5 ಡಿಗ್ರಿ. ಲೋಹಕ್ಕೂ ದಣಿವು ಅನ್ನುವುದು ಇದೆ.

ಹಿಗ್ಗುವ ವಿಷಯವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ, ಪಿಯುಸಿ ಭೌತಶಾಸ್ತ್ರ ಸಾಕು. ನಾಲ್ಕು ಸಿಲಿಂಡರಿನ ಎರಕದ ಮ್ಯಾನಿಫೋಲ್ಡ್ ಸುಮಾರು 400 ಮಿ.ಮೀ. ಉದ್ದ ಇರಲಿ. ಎರಕದ ಕಬ್ಬಿಣ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಪಾಲು ಹಿಗ್ಗುತ್ತದೆ. 500 ಡಿಗ್ರಿ ಏರಿದರೆ 2.2 ಮಿ.ಮೀ. ಅದು ಕೂತಿರುವ ಹೆಡ್ಡು ಅಲ್ಯುಮಿನಿಯಂ. ಅದು ಹಿಗ್ಗುವುದು ಡಿಗ್ರಿಗೆ 22 ಪಾಲು, ಆದರೆ ಒಳಗೆ ಕೂಲೆಂಟ್ ಓಡುವುದರಿಂದ ಏರುವುದು 80 ಡಿಗ್ರಿ ಮಾತ್ರ. 0.7 ಮಿ.ಮೀ. ಆಯಿತು. ಅಂದರೆ ಪ್ರತಿಸಲ ಬಿಸಿಯಾದಾಗಲೂ ಮ್ಯಾನಿಫೋಲ್ಡ್ ಹೆಡ್ಡಿನ ಮೇಲೆ ಒಂದೂವರೆ ಮಿಲಿಮೀಟರ್ ಜಾರಬೇಕು, ತಣ್ಣಗಾದಾಗ ವಾಪಸ್ ಬರಬೇಕು. ಕರೋಲ್‌ಬಾಗ್ ಕಡೆಯ ಅಂಗಡಿಗಳಲ್ಲಿ ಹುಡುಗರು ಆಸೆಪಟ್ಟು ನೋಡುವ ಸ್ಟೇನ್‌ಲೆಸ್ ಪೈಪಿನ ಹೆಡರ್ ಆದರೆ ಡಿಗ್ರಿಗೆ 17 ಪಾಲು, ಅದೇ ಲೆಕ್ಕದಲ್ಲಿ ಜಾರುವುದು 2.7 ಮಿ.ಮೀ. ಮ್ಯಾನಿಫೋಲ್ಡಿನ ಎರಡು ತುದಿಯ ಬೋಲ್ಟ್ ತೂತುಗಳು ನಡುವಿನವಕ್ಕಿಂತ ದೊಡ್ಡದಾಗಿಯೋ ಉದ್ದುದ್ದವಾಗಿಯೋ ಇರುವುದನ್ನು ನೋಡಿದ್ದೀರಾ? ಅದು ಕೊರೆದವನ ತಪ್ಪಲ್ಲ, ಜಾರಲಿಕ್ಕೆ ಬಿಟ್ಟ ಜಾಗ.

ಹಾಗಾದರೆ ಪ್ಯಾಕಿಂಗ್ ಮಾಡಬೇಕಾದ ಕೆಲಸ ಅಂಟಿಕೊಂಡು ಕೂರುವುದಲ್ಲ. ಜಾರಲು ಬಿಡಬೇಕು, ಹೊಗೆ ಬಿಡಬಾರದು. ಬೋಲ್ಟಿನ ಕೆಲಸವೂ ಸುಮ್ಮನೆ ಗಟ್ಟಿಯಾಗಿರುವುದಲ್ಲ. ಬಿಸಿಯಲ್ಲೂ ಹಿಡಿತ ಬಿಡದೆ ಇರುವುದು. ಅಂಗಡಿಯಲ್ಲಿ ನೀವು ಕೇಳಬೇಕಾದ ಎಲ್ಲ ಪ್ರಶ್ನೆಯೂ ಇಷ್ಟರಿಂದಲೇ ಹುಟ್ಟುತ್ತದೆ.

ಅಂಗಡಿಗೆ ಹೋಗುವ ಮೊದಲು ಇನ್ನೊಂದು ಮಾತು. 'ಸ್ವಲ್ಪ ಸದ್ದು ತಾನೇ, ಬಕ್ರೀದ್ ಕಳೆದ ಮೇಲೆ ನೋಡಿದರಾಯಿತು' ಅಂತ ಮುಂದೂಡುವವರಿಗಾಗಿ ಇದು. ಮ್ಯಾನಿಫೋಲ್ಡಿನಲ್ಲಿ ಸೋರುವ ಹೊಗೆ ಕ್ಯಾಟಲಿಟಿಕ್ ಕನ್ವರ್ಟರ್‌ವರೆಗೆ ಹೋಗಿಯೇ ಇರುವುದಿಲ್ಲ. ಶುದ್ಧವಾಗದ ಹಸಿ ಹೊಗೆ. ಪೆಟ್ರೋಲ್ ಗಾಡಿಯಲ್ಲಿ ಅದರೊಳಗೆ ಕಾರ್ಬನ್ ಮೋನಾಕ್ಸೈಡ್ ಇರುತ್ತದೆ, ಚಳಿಯಲ್ಲಿ ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳಲ್ಲಂತೂ ಬಹಳ. ಡೀಸೆಲ್‌ನಲ್ಲಿ ಅದು ಕಡಿಮೆ, ಆದರೆ ಮಸಿ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಇವೆ. ಬಾನೆಟ್ಟಿನ ಹಿಂದೆ, ಮುಂದಿನ ಗಾಜಿನ ಬುಡದಲ್ಲಿ ಜಾಲರಿ ಇದೆಯಲ್ಲ, ಗಾಡಿಯ ಹೀಟರ್ ಹೊರಗಿನ ಗಾಳಿ ಎಳೆಯುವುದು ಅಲ್ಲಿಂದಲೇ. ದೆಹಲಿಯ ಚಳಿಯಲ್ಲಿ ಎಲ್ಲ ಗಾಜು ಏರಿಸಿ, ಹೀಟರ್ ಹಾಕಿ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಹೋಗುತ್ತೀರಿ. ಈ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು. ಪ್ರಯಾಣದ ಆಯಾಸ ಅಂತ ತಿಳಿಯುತ್ತೀರಿ. ಗಾಡಿಯಲ್ಲಿ ಕೂತಾಗ ಎಲ್ಲರಿಗೂ ತಲೆ ನೋಯುತ್ತಿದ್ದು, ಇಳಿದು ಗಾಳಿಗೆ ನಿಂತರೆ ಸರಿಹೋಗುತ್ತಿದ್ದರೆ ಗಾಜು ಇಳಿಸಿ, ಗಾಡಿ ನಿಲ್ಲಿಸಿ, ಅದನ್ನು ಮತ್ತೆ ಓಡಿಸಬೇಡಿ. ಮುಚ್ಚಿದ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಎಂಜಿನ್ ಬಿಸಿ ಮಾಡುತ್ತಾ ಕೂರುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಸೋರಿಕೆಯ ಜಾಗ ಹುಡುಕುವುದು ಕಷ್ಟವಲ್ಲ. ಮ್ಯಾನಿಫೋಲ್ಡಿನ ಮೇಲಿನ ತಗಡಿನ ಹೀಟ್ ಶೀಲ್ಡ್ ಬಿಚ್ಚಿದರೆ ಸೋರುವಲ್ಲಿ ಕಪ್ಪು ಮಸಿಯ ಬಾಲ ಕಾಣುತ್ತದೆ. ಕಾಣದಿದ್ದರೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಸೈಲೆನ್ಸರ್ ಬಾಯಿಂದ ಬ್ಲೋವರ್ ಗಾಳಿ ಊದಿ, ಮ್ಯಾನಿಫೋಲ್ಡಿನ ಅಂಚಿಗೆಲ್ಲ ಸೋಪು ನೀರು ಚಿಮುಕಿಸಿ. ಪಂಕ್ಚರ್ ಅಂಗಡಿಯವರು ಮಾಡುವ ಹಾಗೆಯೇ, ಗುಳ್ಳೆ ಎದ್ದಲ್ಲಿ ಸೋರಿಕೆ. ಒಂದು ಸ್ಟಡ್ಡಿನ ತಲೆಯೇ ಇಲ್ಲದಿದ್ದರೆ ಇದೂ ಬೇಡ, ಕಣ್ಣಿಗೇ ಗೊತ್ತಾಗುತ್ತದೆ. ಹೆಚ್ಚಾಗಿ ತುಂಡಾಗುವುದು ತುದಿಯ ಸ್ಟಡ್‌ಗಳೇ. ಯಾಕೆಂದು ಮೇಲಿನ ಲೆಕ್ಕ ಹೇಳುತ್ತದೆ.

ನಿಮ್ಮ ಗಾಡಿಯಲ್ಲಿ ಈ ಪ್ಯಾಕಿಂಗ್ ಇದೆಯೋ ಇಲ್ಲವೋ ಅನ್ನುವುದನ್ನೂ ತಿಳಿದುಕೊಳ್ಳಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳ 1.0 ಟಿಎಸ್‌ಐ ಎಂಜಿನ್‌ನಲ್ಲಿ ಮ್ಯಾನಿಫೋಲ್ಡ್ ಹೆಡ್ಡಿನ ಒಳಗೇ ಎರಕವಾಗಿದೆ. ಅಲ್ಲಿ ಇರುವುದು ಹೆಡ್ಡಿಗೂ ಟರ್ಬೊಗೂ ನಡುವಿನ ಒಂದೇ ಪ್ಯಾಕಿಂಗ್. ಅಂಗಡಿಯಲ್ಲಿ ಬರೀ 'ಎಕ್ಸಾಸ್ಟ್ ಪ್ಯಾಕಿಂಗ್ ಕೊಡಿ' ಎಂದರೆ ಬೇರೇನೋ ಕೈಗೆ ಬರುತ್ತದೆ. ಗಾಡಿಯ ಚಾಸಿ ನಂಬರ್ ತೆಗೆದುಕೊಂಡು ಹೋಗಿ, ಪಾರ್ಟ್ ನಂಬರ್ ಹಿಡಿದು ಕೇಳಿ.

ಓಖ್ಲಾ ಕಡೆಯಿಂದ ಮೆಟ್ರೋದ ವಯಲೆಟ್ ಲೈನ್ ಹಿಡಿದರೆ ಜಾಮಾ ಮಸೀದಿ, ಲಾಲ್ ಕಿಲಾ ದಾಟಿ ನೇರ ಕಾಶ್ಮೀರಿ ಗೇಟಿಗೆ ಬರುತ್ತೀರಿ. ಶಾಹಜಹಾನನ ಊರಿನ ಬಾಗಿಲಿನ ಸುತ್ತ ಈಗ ದೇಶದ ಅತಿ ದೊಡ್ಡ ಆಟೋ ಪಾರ್ಟ್ಸ್ ಬಜಾರುಗಳಲ್ಲಿ ಒಂದು ಹಬ್ಬಿದೆ. ತಮಾಷೆಯೆಂದರೆ ಅದೇ ವಯಲೆಟ್ ಲೈನಿನ ಇನ್ನೊಂದು ತುದಿ ಫರೀದಾಬಾದ್. 1956ರಲ್ಲಿ ಶುರುವಾದ ಟಾಲ್‌ಬ್ರೋಸ್ ಎಂಬ ಗ್ಯಾಸ್ಕೆಟ್ ಕಂಪನಿ ಇರುವುದು ಅಲ್ಲಿ. ನಟ್ಟುಬೋಲ್ಟಿಗೆ ಹೆಸರಾದ ರೋಹ್ತಕ್ ಕೂಡ ಎನ್‌ಸಿಆರ್ ಒಳಗೇ ಬರುತ್ತದೆ. 1983ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ ಹೊರಬಂದದ್ದು ಗುಡಗಾಂವಿನಿಂದ. ಹೀಗೆ ಗಾಡಿ, ಪ್ಯಾಕಿಂಗ್, ಬೋಲ್ಟು ಮೂರೂ ತಯಾರಾಗುವ ಊರಿನಲ್ಲಿ ನಕಲಿ ಪ್ಯಾಕಿಂಗ್ ಕೂಡ ಅಷ್ಟೇ ಸುಲಭವಾಗಿ ಸಿಗುತ್ತದೆ.

ಪ್ಯಾಕಿಂಗ್‌ನಲ್ಲಿ ನಿಮ್ಮ ಮುಂದೆ ಇಡುವುದು ಮುಖ್ಯವಾಗಿ ಮೂರು ಬಗೆ. ಒಂದು, ಪದರ ಪದರ ಸ್ಟೀಲಿನದು. ಎಂಎಲ್‌ಎಸ್ ಅನ್ನುತ್ತಾರೆ. ತೆಳ್ಳಗಿನ ಸ್ಪ್ರಿಂಗ್ ಸ್ಟೇನ್‌ಲೆಸ್ ತಗಡುಗಳು, ತೂತಿನ ಸುತ್ತ ಉಬ್ಬಿದ ಏಣು. ಒತ್ತಿದಾಗ ಆ ಏಣು ಸ್ಪ್ರಿಂಗಿನ ಹಾಗೆ ವಾಪಸ್ ಒತ್ತುತ್ತದೆ, ಮ್ಯಾನಿಫೋಲ್ಡ್ ಹಿಗ್ಗಿ ಕುಗ್ಗಿದರೂ ಹಿಂಬಾಲಿಸುತ್ತದೆ. ಟರ್ಬೊಗೆ ನನ್ನ ಮೊದಲ ಆಯ್ಕೆ ಇದೇ. ಆದರೆ ಇದಕ್ಕೆ ಒಂದು ಹಟ ಇದೆ, ಎರಡೂ ಕಡೆಯ ಮುಖ ಸಪಾಟಾಗಿ ನುಣುಪಾಗಿ ಇರಬೇಕು. ಇನ್ನೊಂದು, ನಡುವೆ ಸ್ಟೀಲು, ಎರಡೂ ಬದಿ ಗ್ರಾಫೈಟ್ ಇರುವುದು. ಮೆತ್ತಗಿರುವುದರಿಂದ ಸಣ್ಣಪುಟ್ಟ ಗೀರು, ಗುಳಿಗಳನ್ನು ತುಂಬಿಕೊಳ್ಳುತ್ತದೆ. ಹಳೆ ಗಾಡಿಯ ಹಳೆ ಮುಖಕ್ಕೆ ಹೊಂದುತ್ತದೆ. ಗ್ರಾಫೈಟ್ ಗಾಳಿಗೆ ತೆರೆದಿದ್ದರೆ 450 ಡಿಗ್ರಿ ಮೇಲೆ ಮೆಲ್ಲಗೆ ಸುಟ್ಟುಹೋಗುತ್ತದೆ, ಹಾಗಾಗಿ ತೂತಿನ ಅಂಚಿಗೆ ಸ್ಟೀಲಿನ ಅಂಚುಪಟ್ಟಿ ಮಡಚಿರುವುದನ್ನೇ ತಗೊಳ್ಳಿ. ಬರೀ ಕಪ್ಪು ಹಾಳೆ ಕತ್ತರಿಸಿದ್ದು ಬೇಡ. ಮೂರನೆಯದು ಗಟ್ಟಿ ತಾಮ್ರದ ತಗಡು. ಅದನ್ನು ಕೆಂಪಗೆ ಕಾಸಿ ಮೆದು ಮಾಡಿ ಹಾಕುತ್ತಾರೆ. ಕೆಲಸ ಮಾಡುತ್ತದೆ, ಆದರೆ ಕೆಲವು ಸಾವಿರ ಕಿಲೋಮೀಟರಿಗೆ ಗಡಸಾಗಿ ಮತ್ತೆ ಸೋರುತ್ತದೆ. ಸ್ಪರ್ಧೆಗೆ ಗಾಡಿ ಓಡಿಸುವವರು, ವಾರವಾರ ಬಿಚ್ಚುವವರು ಇಟ್ಟುಕೊಳ್ಳಲಿ.

ಬೂದು ಬಣ್ಣದ ನಾರು ನಾರು ಹಾಳೆಯನ್ನು ಅಲ್ಲೇ ಕತ್ತರಿಸಿ ಕೊಡುತ್ತೇವೆ ಅನ್ನುವವರೂ ಇದ್ದಾರೆ. ಅದು ಆಸ್ಬೆಸ್ಟಾಸ್ ಇರಬಹುದು. ನಮ್ಮ ದೇಶದಲ್ಲಿ ಬಿಳಿ ಆಸ್ಬೆಸ್ಟಾಸ್ ಬಳಕೆ ಪೂರ್ತಿ ನಿಂತಿಲ್ಲ, ಆದರೆ ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ ಎಂಬುದರಲ್ಲಿ ಸಂಶಯ ಇಲ್ಲ. ಹಳೆ ಗಾಡಿಯಿಂದ ಹಳೆ ಪ್ಯಾಕಿಂಗ್ ಕೆರೆಯುವಾಗಲೂ ಒಣಗಿದ್ದನ್ನು ವೈರ್ ಬ್ರಷ್ ಹಾಕಿ ಉಜ್ಜಿ ಗಾಳಿ ಊದಬೇಡಿ. ಒದ್ದೆ ಮಾಡಿ ಕೆರೆಯಿರಿ. ಆ ಧೂಳು ಕುಡಿಯುವುದು ನೀವಲ್ಲ, ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗ.

ಯಾವುದೇ ಪ್ಯಾಕಿಂಗ್ ಆದರೂ ಅದರ ತೂತು ಹೆಡ್ಡಿನ ತೂತಿಗಿಂತ ಒಂದು ಕೂದಲೆಳೆ ದೊಡ್ಡದಿರಬೇಕು. ಅಂಚು ಒಳಕ್ಕೆ ಚಾಚಿಕೊಂಡರೆ ಕಾದು, ಉದುರಿ, ಟರ್ಬೊಗೆ ಹೋಗುತ್ತದೆ. ನನ್ನದಕ್ಕೆ ಆದದ್ದು ಅದೇ. ಅಂಗಡಿಯಲ್ಲೇ ಹಳೆಯದರ ಮೇಲೆ ಹೊಸದನ್ನು ಇಟ್ಟು ಬೆಳಕಿಗೆ ಹಿಡಿದು ನೋಡಿ. ಸಿಲಿಕಾನ್ ಪೇಸ್ಟ್ ಬಗ್ಗೆ ಬೇರೆ ಹೇಳಬೇಕಿಲ್ಲ. ಕೆಂಪು ಟ್ಯೂಬಿನ ಮೇಲೆ ಬರೆದಿರುವ ಡಿಗ್ರಿ ಓದಿ, ಮೇಲೆ ಹೇಳಿದ 700-900ರ ಪಕ್ಕ ಇಟ್ಟು ನೋಡಿ.

ಮುಖ ಸಪಾಟಾಗಿರಬೇಕು ಎಂದೆ. ಹೊಸ ಪ್ಯಾಕಿಂಗ್ ಹಾಕಿದರೂ ಸೋರುವುದಕ್ಕೆ ಮುಕ್ಕಾಲು ಪಾಲು ಕಾರಣ ಮ್ಯಾನಿಫೋಲ್ಡ್ ಬಾಗಿರುವುದು. ನೇರವಾದ ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಅಡಿಗೆ ಫೀಲರ್ ಗೇಜ್ ತೂರಿಸಿ ನೋಡಿ. ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಮಿತಿ ಬರೆದಿದ್ದರೆ ಅದೇ ಕೊನೆ. ಬರೆದಿಲ್ಲದಿದ್ದರೆ, ಎಂಎಲ್‌ಎಸ್ ಹಾಕುವುದಿದ್ದಾಗ 0.15ರ ಎಲೆ ತೂರಿದರೆ ನಾನು ಫೇಸಿಂಗಿಗೆ ಕಳಿಸುತ್ತೇನೆ. ಎರಡು ಮುಖ ಕೂಡುವಲ್ಲಿ ಸೋರದ ಹಾಗೆ ಮಾಡುವ ಈ ಸಂಕಟ ಹೊಸದಲ್ಲ. 1206ರಲ್ಲಿ ದಿಯಾರ್‌ಬಕಿರ್‌ನ ಆಸ್ಥಾನದಲ್ಲಿದ್ದ ಇಂಜಿನಿಯರ್ ಅಲ್-ಜಝರಿ ತನ್ನ ಯಂತ್ರಗಳ ಪುಸ್ತಕ ಮುಗಿಸಿದ. ನೀರು ಸೋರದಂತೆ ಕವಾಟವನ್ನೂ ಅದು ಕೂರುವ ಜಾಗವನ್ನೂ ಎಮರಿ ಪುಡಿ ಹಾಕಿ ಒಂದರ ಮೇಲೊಂದು ಅರೆಯುವ ವಿಧಾನ ಅದರಲ್ಲಿದೆ. ಎಂಜಿನ್ ವಾಲ್ವ್‌ಗೆ ಪೇಸ್ಟ್ ಹಾಕಿ ಗ್ರೈಂಡ್ ಮಾಡುವುದನ್ನು ನೀವು ಯಾವ ಗ್ಯಾರೇಜಿನಲ್ಲಾದರೂ ನೋಡಬಹುದು. ಎಂಟು ನೂರು ವರ್ಷದ ಹಿಂದೆಯೂ ಅದೇ ಸದ್ದು ಬರುತ್ತಿದ್ದಿರಬೇಕು.

ಈಗ ಬೋಲ್ಟು. ಜನ ಹೆಚ್ಚು ಎಡವುವುದು ಇಲ್ಲಿ, ಅದೂ ಒಳ್ಳೆಯ ಉದ್ದೇಶದಿಂದ. ಬೋಲ್ಟಿನ ತಲೆಯ ಮೇಲೆ 8.8, 10.9, 12.9 ಅಂತ ಇರುತ್ತದೆ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಎಷ್ಟು ಮೆಗಾಪಾಸ್ಕಲ್ ಎಳೆದರೆ ತುಂಡಾಗುತ್ತದೆ ಅನ್ನುವ ಲೆಕ್ಕ. ಚುಕ್ಕಿಯ ನಂತರದ್ದು, ಅದರ ಎಷ್ಟು ಪಾಲಿಗೆ ಶಾಶ್ವತವಾಗಿ ಹಿಗ್ಗಿಹೋಗುತ್ತದೆ ಅನ್ನುವುದು. 8.8 ಅಂದರೆ 800, ಅದರ 80 ಪಾಲು, 640. 'ಟರ್ಬೊ ಅಲ್ವಾ, ಜಾಸ್ತಿ ನಂಬರಿನದೇ ಹಾಕೋಣ' ಎಂದು 12.9ರ ಕಪ್ಪು ಆಲನ್ ಬೋಲ್ಟು ತರುತ್ತಾರೆ. ಆದರೆ ಈ ನಂಬರ್ ತಣ್ಣಗಿರುವ ಬೋಲ್ಟಿನದು. ಈ ಬೋಲ್ಟುಗಳನ್ನು ಗಡಸು ಮಾಡಿದ ಮೇಲೆ ಕಾರ್ಖಾನೆಯಲ್ಲಿ 425 ಡಿಗ್ರಿ ಅಥವಾ ಅದರ ಮೇಲೆ ಕಾಸಿ ಹದ ಮಾಡಿರುತ್ತಾರೆ. ಆ ಶಾಖದ ಹತ್ತಿರ ಹತ್ತಿರ ಗಂಟೆಗಟ್ಟಲೆ ಇಟ್ಟರೆ ಆ ಹದವೇ ಕೆಡುತ್ತದೆ. ಬೋಲ್ಟು ತುಂಡಾಗುವುದಿಲ್ಲ, ಮೆಲ್ಲಗೆ ಸಡಿಲುತ್ತದೆ. ಅದು ಇನ್ನೂ ಕೆಟ್ಟದ್ದು, ಯಾಕೆಂದರೆ ಕಾಣಿಸುವುದಿಲ್ಲ.

ಫಳಫಳ ಹೊಳೆಯುವ ಜಿಂಕ್ ಲೇಪದ ಬೋಲ್ಟು ಕೂಡ ಇಲ್ಲಿಗೆ ಅಲ್ಲ. ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ, ಕರಗಿದ ಸತು ಸ್ಟೀಲಿನ ಸಂದುಗಳಿಗೆ ಇಳಿದು ಅದನ್ನು ಬಿರುಕು ಬಿಡಿಸಬಲ್ಲದು. ಹಾಗಾದರೆ ಸ್ಟೇನ್‌ಲೆಸ್? ತುಕ್ಕು ಹಿಡಿಯುವುದಿಲ್ಲ ನಿಜ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎ2-70 ಬೋಲ್ಟು ಎರಕದ ಕಬ್ಬಿಣಕ್ಕಿಂತ ಬಹಳ ಹೆಚ್ಚು ಹಿಗ್ಗುತ್ತದೆ. ಇದನ್ನೂ ಲೆಕ್ಕ ಹಾಕಿ. ಮ್ಯಾನಿಫೋಲ್ಡಿನ ಅಂಚು 12 ಮಿ.ಮೀ. ದಪ್ಪ, ಶಾಖ 400 ಡಿಗ್ರಿ ಏರಿತು ಅನ್ನಿ. ಬೋಲ್ಟು ಅಂಚಿಗಿಂತ ಸುಮಾರು 0.03 ಮಿ.ಮೀ. ಹೆಚ್ಚು ಉದ್ದವಾಗುತ್ತದೆ. ಇಷ್ಟಕ್ಕೆಲ್ಲ ಏನಾಗುತ್ತೆ ಅನ್ನಬೇಡಿ. ನೀವು ಸ್ಪ್ಯಾನರ್ ಹಾಕಿ ಬಿಗಿ ಮಾಡಿದಾಗ ಅಷ್ಟು ಗಿಡ್ಡ ಬೋಲ್ಟು ಎಳೆದು ಉದ್ದವಾಗುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನೀವು ಕೊಟ್ಟ ಬಿಗಿಯನ್ನೆಲ್ಲ ಶಾಖ ವಾಪಸ್ ಕಸಿದುಕೊಂಡಿತು. ಮ್ಯಾನಿಫೋಲ್ಡೇ ಸ್ಟೇನ್‌ಲೆಸ್ ಆಗಿದ್ದರೆ ಮಾತು ಬೇರೆ, ಎರಡೂ ಜೊತೆಗೇ ಹಿಗ್ಗುತ್ತವೆ. ಆಗಲೂ ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಸ್ಟಡ್ಡಿಗೆ ಕಚ್ಚಿ ಅಲ್ಲೇ ಹಿಡಿದುಕೊಳ್ಳುವ ಕಾಟ ಇದ್ದೇ ಇದೆ.

ಹಾಗಾದರೆ ಹಾಕುವುದು ಏನನ್ನು? ಊರಿನಲ್ಲಿ ಓಡಿಸುವ ಗಾಡಿಗೆ ಕಂಪನಿಯ ಅದೇ ಪಾರ್ಟ್ ನಂಬರಿನ ಸ್ಟಡ್ ಮತ್ತು ನಟ್ಟು. ಅದನ್ನು ಶಾಖಕ್ಕೆಂದೇ ಆರಿಸಿರುತ್ತಾರೆ. ಡೀಲರ್ ಹತ್ತಿರ ಒಂದೊಂದು ಸ್ಟಡ್ಡಿಗೆ ಕೊಡುವ ದುಡ್ಡು ಬಜಾರಿನಲ್ಲಿ ಅರ್ಧ ಡಜನ್ನಿಗೆ ಆಗಬಹುದು, ಕೊಟ್ಟುಬಿಡಿ. ಅದು ಸಿಗದಿದ್ದರೆ ಬಾಯ್ಲರ್, ಪೈಪ್‌ಲೈನ್ ಕೆಲಸದವರು ಬಳಸುವ ಬಿ7 ದರ್ಜೆಯ ಕ್ರೋಮ್-ಮಾಲಿಬ್ಡಿನಂ ಸ್ಟೀಲಿನಿಂದ ಮಾಡಿಸಿದ ಸ್ಟಡ್ ಡೀಸೆಲ್ ಗಾಡಿಗೆ ಸಾಲುತ್ತದೆ. ಜೋರಾಗಿ ಓಡಿಸುವ ಪೆಟ್ರೋಲ್ ಟರ್ಬೊಗೆ ಎ286 ಎಂಬ ಮಿಶ್ರಲೋಹದ ಸ್ಟಡ್ ಇದೆ. ಬೆಲೆ ಜಾಸ್ತಿ, ಆದರೆ 600 ಡಿಗ್ರಿಯಲ್ಲೂ ಬಲ ಬಿಡುವುದಿಲ್ಲ. ನಟ್ಟು ತಾಮ್ರದ ಲೇಪದ್ದು, ತುದಿ ಸ್ವಲ್ಪ ಒತ್ತಿ ಲಾಕ್ ಮಾಡಿದ್ದು ಇರಲಿ. ಬಿಸಿಯಲ್ಲಿ ಸ್ಟಡ್ಡಿಗೆ ಕಚ್ಚುವುದಿಲ್ಲ, ಅದುರಿದರೂ ಬಿಚ್ಚಿಕೊಳ್ಳುವುದಿಲ್ಲ. ಒಮ್ಮೆ ತೆಗೆದದ್ದನ್ನು ಮತ್ತೆ ಹಾಕಬೇಡಿ. ಒಳಗೆ ನೈಲಾನ್ ಬಳೆ ಇರುವ ನಟ್ಟು ಅಂತೂ ಬೇಡವೇ ಬೇಡ, ಒಂದೇ ದಿನಕ್ಕೆ ಕರಗುತ್ತದೆ.

ಬೋಲ್ಟಿಗಿಂತ ಸ್ಟಡ್ ಮೇಲು ಅನ್ನುವುದಕ್ಕೂ ಕಾರಣ ಇದೆ. ಹೆಡ್ಡಿನ ಅಲ್ಯುಮಿನಿಯಂ ಎಳೆಗಳು ಮೆದು. ಬೋಲ್ಟು ಹಾಕಿ ತೆಗೆದಾಗಲೆಲ್ಲ ಅವು ಸವೆಯುತ್ತವೆ. ಸ್ಟಡ್ ಒಮ್ಮೆ ಕೂತರೆ ಅಲ್ಲೇ ಇರುತ್ತದೆ, ನಟ್ಟು ಮಾತ್ರ ಬಂದು ಹೋಗುತ್ತದೆ. ಜಾಗ ಇದ್ದರೆ ಇನ್ನೊಂದು ಉಪಾಯ ಮಾಡಬಹುದು. ಸ್ಟಡ್ ಉದ್ದ ಮಾಡಿ ನಟ್ಟಿನ ಕೆಳಗೆ ದಪ್ಪ ಸ್ಟೀಲ್ ಬುಷ್ ಕೂರಿಸಿ. ಉದ್ದದ ಸ್ಟಡ್ ಹೆಚ್ಚು ಎಳೆಯಲ್ಪಡುತ್ತದೆ, ಹಾಗಾಗಿ ಶಾಖ ಅದೇ 0.03 ಕಸಿದರೂ ಇನ್ನೂ ಬಿಗಿ ಉಳಿದಿರುತ್ತದೆ. ಕೆಲವು ಟರ್ಬೊ ಎಂಜಿನ್‌ಗಳಲ್ಲಿ ಕಂಪನಿಯವರೇ ಹೀಗೆ ಬುಷ್ ಕೊಟ್ಟಿರುತ್ತಾರೆ. ಗ್ಯಾರೇಜಿನಲ್ಲಿ 'ಇದೇನು ಎಕ್ಸ್‌ಟ್ರಾ' ಅಂತ ಎಸೆಯುವುದನ್ನು ನಾನೇ ನೋಡಿದ್ದೇನೆ. ಬಿಚ್ಚುವಾಗ ಪಕ್ಕದಲ್ಲಿ ನಿಂತಿದ್ದು ಎಲ್ಲವನ್ನೂ ಒಂದು ತಟ್ಟೆಯಲ್ಲಿ ಎತ್ತಿಡಿ.

ಮಾಯಾಪುರಿಯ ಗುಜರಿಯಲ್ಲಿ ಮ್ಯಾನಿಫೋಲ್ಡ್, ಟರ್ಬೊ ಎಲ್ಲ ಸಿಗುತ್ತದೆ. ಮ್ಯಾನಿಫೋಲ್ಡ್ ಬಿರುಕು ನೋಡಿ ತರಬಹುದು, ಸ್ಟಡ್ ತರಬೇಡಿ. ಅದು ಎಷ್ಟು ಸಲ ಕೆಂಡವಾಗಿದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ. 2010ರ ಏಪ್ರಿಲ್‌ನಲ್ಲಿ ದೆಹಲಿ ವಿಶ್ವವಿದ್ಯಾಲಯದ ಲ್ಯಾಬಿನಿಂದ ಹರಾಜಾದ ಹಳೆ ಯಂತ್ರವೊಂದು ಇದೇ ಮಾಯಾಪುರಿಗೆ ಬಂದು, ಅದರೊಳಗಿದ್ದ ಕೋಬಾಲ್ಟ್-60 ವಿಕಿರಣದಿಂದ ಗುಜರಿ ಕೆಲಸಗಾರನೊಬ್ಬ ತೀರಿಕೊಂಡ. ಲೋಹದ ಹಿಂದಿನ ಕತೆ ಅದರ ಮೈಮೇಲೆ ಬರೆದಿರುವುದಿಲ್ಲ.

ಡಬ್ಬದ ಮೇಲಿನ ಹೆಸರನ್ನೂ ಹಾಗೆಯೇ ನಂಬಲಾಗದು. ನಕಲಿ ಎಂಎಲ್‌ಎಸ್ ಹೆಚ್ಚಾಗಿ ಒಂದೇ ಪದರದ ತಗಡು, ಮೇಲೆ ಕಪ್ಪು ಬಣ್ಣ. ಅಂಚನ್ನು ಉಗುರಿನಿಂದ ಬಿಡಿಸಿ ಪದರ ಎಣಿಸಿ. ಏಣಿನ ಮೇಲೆ ಬೆರಳಾಡಿಸಿ, ಎಲ್ಲ ಕಡೆ ಒಂದೇ ಎತ್ತರ ಇರಬೇಕು. ಒಳ್ಳೆಯ ಕಂಪನಿಯ ಬೋಲ್ಟಿನ ತಲೆಯ ಮೇಲೆ ದರ್ಜೆಯ ಜೊತೆ ತಯಾರಕರ ಗುರುತೂ ಇರುತ್ತದೆ. ಬರೀ ನಂಬರ್ ಇದ್ದು ಹೆಸರು ಇಲ್ಲದಿದ್ದರೆ ಬಿಟ್ಟುಬಿಡಿ. ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಕೇಳಿದ ಕೂಡಲೇ 'ಇದು ಬೇಡ ಭಾಯಿ, ಒಳಗೆ ಬೇರೆ ಮಾಲ್ ಇದೆ' ಅಂತ ಇನ್ನೊಂದು ಡಬ್ಬ ತೆಗೆದ ಅಂಗಡಿಯವರನ್ನು ಕಂಡಿದ್ದೇನೆ. ಮದೀನದ ಪೇಟೆಯಲ್ಲಿ ಪ್ರವಾದಿ (ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಅಡಿಯಲ್ಲಿ ಒದ್ದೆ ತಗುಲಿತಂತೆ. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಯಾಕೆ ಮೇಲೆ ಇಡಲಿಲ್ಲ ಎಂದು ಅವರು ಕೇಳಿದ ಹದೀಸ್ ನಿಮಗೆ ಗೊತ್ತಿದೆ. ಲೋಕಲ್ ಮಾಲನ್ನು ಲೋಕಲ್ ಎಂದು ಹೇಳಿ ಕಡಿಮೆ ಬೆಲೆಗೆ ಮಾರುವವನ ಮೇಲೆ ನನಗೆ ದೂರಿಲ್ಲ. ಕಂಪನಿ ಡಬ್ಬದೊಳಗೆ ಅದನ್ನು ಅಡಗಿಸುವವನದು ಒದ್ದೆ ಧಾನ್ಯ. ನಮ್ಮ ಹುಡುಗರು ಎಷ್ಟೋ ಜನ ಇದೇ ಪಾರ್ಟ್ಸ್ ವ್ಯಾಪಾರದಲ್ಲಿ, ಗ್ಯಾರೇಜ್ ಕೆಲಸದಲ್ಲಿ ಇದ್ದಾರೆ. ಅವರೂ ಇದನ್ನು ಓದುತ್ತಾರೆ ಎಂಬ ಕಾರಣಕ್ಕೇ ಬರೆದೆ.

ಕೂರಿಸುವ ಕೆಲಸಕ್ಕೆ ಒಂದು ದಿನ ಪೂರ್ತಿ ಬಿಡಿ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿರಲಿ. ಉದ್ದದ ಪೈಪು ಹಾಕಿ ತಿರುವಿ ಸ್ಟಡ್ ತುಂಡು ಮಾಡಿದರೆ ಹೆಡ್ಡು ಬಿಚ್ಚುವವರೆಗೆ ಕೆಲಸ ಬೆಳೆಯುತ್ತದೆ. 'ಉಸ್ತಾದ್, ನಿಧಾನ ಮಾಡಿ, ಹೊತ್ತಿನ ದುಡ್ಡು ಕೊಡುತ್ತೇನೆ' ಅಂತ ಮೊದಲೇ ಹೇಳಿಬಿಡಿ. ಅವಸರ ಹೆಚ್ಚಾಗಿ ಮೆಕ್ಯಾನಿಕ್‌ನದ್ದಲ್ಲ, ನಮ್ಮ ಚೌಕಾಸಿಯದ್ದು. ಟರ್ಬೊ ಬಾಯಿಗೆ ಶುದ್ಧ ಬಟ್ಟೆ ತುರುಕಿಡಿ, ಕೊನೆಗೆ ತೆಗೆಯಲು ಮರೆಯಬೇಡಿ. ಟರ್ಬೊದ ಒಳಬಾಯಿ, ಹೊರಬಾಯಿಯ ಪ್ಯಾಕಿಂಗ್, ಎಣ್ಣೆ ಪೈಪಿನ ತಾಮ್ರದ ವಾಷರ್‌ಗಳನ್ನೂ ಬಿಚ್ಚಿದ್ದರೆ ಹೊಸದನ್ನೇ ಹಾಕಿ.

ಬಿಗಿ ಮಾಡುವುದು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್ ಹಾಕಿ. ಸಂಖ್ಯೆ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನದೇ ಆಗಬೇಕು. ಎಂ8 ನಟ್ಟಿಗೆ ಹೆಚ್ಚಾಗಿ 20-25 ನ್ಯೂಟನ್ ಮೀಟರ್ ಸುತ್ತ ಇರುತ್ತದೆ. ಅದು ಕೈಗೆ 'ಇಷ್ಟೇನಾ' ಅನಿಸುವಷ್ಟು ಕಡಿಮೆ. ಎಳೆಗಳಿಗೆ ನಿಕ್ಕಲ್ ಆ್ಯಂಟಿ-ಸೀಜ್ ಸವರುವುದಿದ್ದರೆ ಮ್ಯಾನ್ಯುಯಲ್‌ನ ಸಂಖ್ಯೆ ಒಣ ಎಳೆಯದೋ ಸವರಿದ್ದೋ ನೋಡಿ. ಜಾರುವ ಎಳೆಯಲ್ಲಿ ಅದೇ ಟಾರ್ಕ್‌ಗೆ ಹೆಚ್ಚು ಬಿಗಿ ಬರುತ್ತದೆ, ಹಾಗಾಗಿ ಒಣ ಎಳೆಯ ಸಂಖ್ಯೆಯನ್ನು ಹಾಗೇ ಬಳಸಿದರೆ ಸ್ಟಡ್ ಹಿಗ್ಗಿಹೋಗಬಹುದು. ಟರ್ಬೊದ ಅಡಿಯಲ್ಲಿ ಆಸರೆಯ ಬ್ರಾಕೆಟ್ ಇದ್ದರೆ ಅದನ್ನು ವಾಪಸ್ ಹಾಕಿಸಿ. ಅದಿಲ್ಲದೆ ಭಾರವೆಲ್ಲ ಸ್ಟಡ್‌ಗಳ ಮೇಲೆ.

ಸ್ಟೇನ್‌ಲೆಸ್ ಹೆಡರ್ ಆಸೆ ಇನ್ನೂ ಉಳಿದಿದ್ದರೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಪೈಪು ಹಾಕಿದ ಗಾಡಿ ದೆಹಲಿಯ ನವೆಂಬರ್‌ನ ಗಾಳಿಗೆ ಏನು ಸೇರಿಸುತ್ತದೆ ಅಂತ ಅಲ್ಲಿ ಉಸಿರಾಡಿದವರಿಗೆ ಹೇಳಬೇಕಿಲ್ಲ.

ಕೆಲಸ ಮುಗಿದ ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿ. ಸೋರಿಕೆ ಬಾಯಿಬಿಡುವುದು ಮೊದಲ ಒಂದೆರಡು ನಿಮಿಷದಲ್ಲೇ. ಗ್ರಾಫೈಟ್ ಪ್ಯಾಕಿಂಗ್ ಆದರೆ ನಾಲ್ಕೈದು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ, ತಣ್ಣಗಿರುವಾಗಲೇ, ಅದೇ ಟಾರ್ಕ್‌ಗೆ ಬಿಗಿ ನೋಡಿಸಿ. ಎಂಎಲ್‌ಎಸ್ ಆದರೆ ಮ್ಯಾನ್ಯುಯಲ್ ಹೇಳದ ಹೊರತು ಮುಟ್ಟಬೇಡಿ. ಹಳೆಯ ಸ್ಟಡ್‌ಗಳನ್ನು ಎಸೆಯುವ ಮೊದಲು ಹೊಸದೊಂದರ ಪಕ್ಕ ಇಟ್ಟು ಉದ್ದ ಅಳೆಯಿರಿ, ಕೆಲವು ಹಿಗ್ಗಿ ಉದ್ದವಾಗಿರುವುದು ಬರೀ ಕಣ್ಣಿಗೇ ಕಾಣುತ್ತದೆ.